ಮಾವನವರ ಎಚ್‌ಎಂಟಿ ವಾಚು, ಮೂರು ಬಂದರು

ಪ್ರವಾಸದ ಪ್ಲಾನ್ ಅಂದರೆ ನಾನೇ ಅಂತ ನಮ್ಮ ಮನೆಯಲ್ಲಿ ಹೆಸರು. ಗಂಡ ಟಿಕೆಟ್ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಎಲ್ಲಿ ಇಳಿಯೋದು, ಏನು ತಿನ್ನೋದು, ಯಾರಿಗೆ ಯಾವಾಗ ಬಾತ್‌ರೂಮು ಬೇಕಾಗುತ್ತೆ, ಇದೆಲ್ಲ ನನ್ನ ತಲೆಗೆ. ಆದರೂ ಕೆರಿಬಿಯನ್ ಕ್ರೂಸ್‌ನಲ್ಲಿ ಒಂದು ಸಣ್ಣ ಲೆಕ್ಕ ತಪ್ಪಿ, ಐದು ಜನ ಒದ್ದೆ ಬಟ್ಟೆಯಲ್ಲಿ ಹಡಗಿನ ಕಡೆ ಓಡೋ ಹಾಗಾಯಿತು.

ನಾವಿರೋದು ಅಮೆರಿಕದ ಷಾರ್ಲೆಟ್‌ನಲ್ಲಿ. ತಿಪಟೂರಿನಿಂದ ಅತ್ತೆ ಮಾವ ಬಂದಿದ್ದರು. ಚಳಿಗೆ ಮನೆಯೊಳಗೇ ಕೂತು ಇಬ್ಬರಿಗೂ ಸಾಕಾಗಿತ್ತು. ಹಾಗಾಗಿ ಫೆಬ್ರವರಿಯಲ್ಲಿ ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದೆವು. ಎರಡನೇ ದಿನ ಪೂರ್ತಿ ಸಮುದ್ರ, ಆಮೇಲೆ ಸಾಲಾಗಿ ಮೂರು ದಿನ ಮೂರು ಬಂದರು: ಪೋರ್ಟೊ ರಿಕೊದ ಸ್ಯಾನ್ ಹುವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್. ವಾಪಸ್ ಬರೋಕೆ ಇನ್ನೆರಡು ದಿನ ಸಮುದ್ರ. ಮೊದಲ ಎರಡು ಅಮೆರಿಕದ್ದೇ ನೆಲ. ಮೂರನೆಯದು ಹೊರದೇಶ. ಅತ್ತೆ ಮಾವನವರ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿದ್ದು. ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಒಂದು ಸಲ ಹೊರಗೆ ಹೋದ ಮೇಲೆ ಒಳಗೆ ಬರೋದು ಕಷ್ಟ.

ಹಡಗು ಬುಕ್ ಮಾಡೋಕೆ ಒಂದು ಸಂಜೆ ಸಾಕಾಯಿತು. ಬಂದರಿನ ದಿನಗಳ ಪ್ಲಾನಿಗೆ ಮೂರು ವಾರ ಹಿಡಿಯಿತು. ಹಡಗಿನಲ್ಲಿ ಊಟ, ನಿದ್ದೆ, ಆಟ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ. ಬಂದರಿನಲ್ಲಿ ಕಾಲಿಟ್ಟ ಕೂಡಲೇ ಆ ಏಳೆಂಟು ಗಂಟೆ ನಮ್ಮ ತಲೆನೋವು.

ನಾನು ಪ್ರತಿ ಬಂದರಿಗೂ ಹಿಂದಿನಿಂದ ಲೆಕ್ಕ ಹಾಕಿದೆ. ಹಡಗು ಐದಕ್ಕೆ ಹೊರಡುತ್ತೆ ಅಂದರೆ ಎಲ್ಲರೂ ಒಳಗಿರಬೇಕಾದದ್ದು ನಾಲ್ಕೂವರೆಗೆ. ಅದನ್ನು 'ಆಲ್ ಅಬೋರ್ಡ್' ಅಂತಾರೆ. ಅದಕ್ಕೆ ಮುಂಚೆ ಒಂದು ಗಂಟೆ ಸುಮ್ನೆ ಇರಲಿ ಅಂತ ಬಿಟ್ಟೆ. ಅದಕ್ಕೂ ಮುಂಚೆ ದಾರಿಯ ಅರ್ಧ ಗಂಟೆ. ಅಲ್ಲಿಗೆ ಮೂರು ಗಂಟೆಗೆ ಜಾಗ ಖಾಲಿ ಮಾಡಬೇಕು. ಹಡಗಿನವರೇ ಮಾರೋ ಟೂರಿನಲ್ಲಿ ಹೋಗಿ ಬಸ್ಸು ತಡವಾದರೆ ಅವರು ಕಾಯುತ್ತಾರೆ. ನಾವೇ ಹೋಗಿ ತಡ ಮಾಡಿದರೆ ಕಾಯೋದಿಲ್ಲ. ಆಮೇಲೆ ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ವಿಮಾನ ಹಿಡಿಯಬೇಕು. ಹೀಗೆ ದಕ್ಕೆಯ (ಹಡಗು ನಿಲ್ಲೋ ಕಟ್ಟೆಯ) ಮೇಲೆ ಓಡೋರನ್ನು ಡೆಕ್ಕಿನ ಮೇಲೆ ನಿಂತು ಕೇಕೆ ಹಾಕಿ ನೋಡೋದು ಕ್ರೂಸಿನ ಜನಕ್ಕೆ ಒಂದು ಮನರಂಜನೆ ಬೇರೆ.

ಹಾಗಂತ ಮೂರು ಕಡೆಯೂ ಹಡಗಿನ ಟೂರ್ ತಗೊಂಡರೆ ಐದು ಜನಕ್ಕೆ ದುಡ್ಡು ಸಿಕ್ಕಾಪಟ್ಟೆ ಆಗುತ್ತೆ. ನೋಡಬೇಕಾದ ಜಾಗ ದಕ್ಕೆಗೆ ಎಷ್ಟು ಹತ್ತಿರ, ದಾರಿಯಲ್ಲಿ ಟ್ರಾಫಿಕ್ ಜಾಮ್ ಆದರೆ ಬೇರೆ ದಾರಿ ಇದೆಯಾ, ಇಷ್ಟೇ ಕೇಳಿಕೊಂಡೆ. ಸ್ಯಾನ್ ಹುವಾನ್‌ನಲ್ಲಿ ಹಡಗು ನಿಲ್ಲೋದೇ ಹಳೇ ಊರಿನ ಬುಡದಲ್ಲಿ, ಅಲ್ಲಿ ನಡಿಗೆ. ಸೇಂಟ್ ಥಾಮಸ್‌ನಲ್ಲಿ ಬೀಚು ಗುಡ್ಡದ ಆ ಕಡೆ, ಟ್ಯಾಕ್ಸಿ ಸಾಕು. ಸೇಂಟ್ ಮಾರ್ಟನ್‌ನಲ್ಲಿ ಮಗನಿಗೆ ತಲೆ ಮೇಲೆ ವಿಮಾನ ಇಳಿಯೋ ಮಾಹೋ ಬೀಚ್ ಬೇಕಿತ್ತು. ಅದು ದಕ್ಕೆಯಿಂದ ದೂರ. ದಾರಿಯಲ್ಲಿ ಸಿಂಪ್ಸನ್ ಬೇ ಸೇತುವೆಯನ್ನು ದೋಣಿಗಳಿಗಾಗಿ ಆಗಾಗ ಮೇಲೆತ್ತುತ್ತಾರೆ, ವಾಹನಗಳೆಲ್ಲ ನಿಂತುಬಿಡುತ್ತವೆ. ಅಲ್ಲಿಗೆ ಮಾತ್ರ ಹಡಗಿನ ಟೂರ್ ಅಂತ ತೀರ್ಮಾನ ಮಾಡಿದೆ.

ಸ್ಯಾನ್ ಹುವಾನ್‌ಗೆ ಮುಟ್ಟಿದಾಗ ಮಧ್ಯಾಹ್ನ. ಎಲ್ಲರೂ ಎಲ್ ಮೊರೊ ಕೋಟೆ ನೋಡಲೇಬೇಕು ಅಂತಾರೆ. 1539ರಲ್ಲಿ ಸ್ಪೇನಿನವರು ಕಟ್ಟೋಕೆ ಶುರು ಮಾಡಿದ್ದು, ಸಮುದ್ರಕ್ಕೆ ಚಾಚಿದ ನೆಲದ ಮೂತಿಯಲ್ಲಿದೆ. ಆದರೆ ಅದರ ಮುಂದೆ ಉದ್ದಾನುದ್ದ ಹುಲ್ಲುಗಾವಲು, ಗಾಡಿ ಬಾಗಿಲ ತನಕ ಹೋಗೋದಿಲ್ಲ. ಮಾವನವರಿಗೆ ಮಂಡಿ ನೋವು. ಬಿಸಿಲಿನಲ್ಲಿ ಅಷ್ಟು ದೂರ ನಡೆಸೋದು ಬೇಡ ಅಂತ ದಕ್ಕೆಗೆ ಹತ್ತಿರವಿರೋ ಸ್ಯಾನ್ ಕ್ರಿಸ್ಟೋಬಾಲ್ ಕೋಟೆಗೆ ಟ್ಯಾಕ್ಸಿ ಮಾಡಿದೆವು. ಅಮೆರಿಕ ಖಂಡದಲ್ಲಿ ಸ್ಪೇನಿನವರು ಕಟ್ಟಿದ ಕೋಟೆಗಳಲ್ಲಿ ಇದೇ ದೊಡ್ಡದು, ಆದರೂ ಜನ ಎಲ್ ಮೊರೊಗೇ ಮುಗಿಬೀಳುತ್ತಾರೆ. ಎರಡಕ್ಕೂ ಒಂದೇ ಟಿಕೆಟ್. ಆಮೇಲೆ ಗಂಡ, ಮಗ ಇಬ್ಬರೇ ಎಲ್ ಮೊರೊ ಕಡೆ ನಡೆದು ಹೋಗಿ ಆ ಹುಲ್ಲಿನ ಮೇಲೆ ಗಾಳಿಪಟ ಹಾರಿಸಿ ಬಂದರು. ನಾವು ಮೂವರು ನೀಲಿ ಕಲ್ಲು ಹಾಸಿದ ಬೀದಿಯಲ್ಲಿ ನಿಧಾನಕ್ಕೆ ಇಳಿದು ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತೆವು. ಐದು ಜನ ಹೋದರೆ ಐದೂ ಜನ ಒಂದೇ ಕಡೆ ಇರಬೇಕು ಅನ್ನೋ ಹಟ ಬಿಟ್ಟಿದ್ದು ಈ ಇಡೀ ಪ್ಲಾನಿನಲ್ಲಿ ನಾನು ಮಾಡಿದ ಒಳ್ಳೇ ಕೆಲಸ.

ಸಸ್ಯಾಹಾರಿಗಳಿಗೆ ಒಂದು ಮಾತು. ಪೋರ್ಟೊ ರಿಕೊದಲ್ಲಿ ಅನ್ನ, ಹುರುಳಿಕಾಯಿ ಬೀಜ ಕಂಡರೆ ಸುಮ್ನೆ ಆರ್ಡರ್ ಮಾಡಬೇಡಿ. ಬೇಯಿಸುವಾಗ ಹಂದಿಮಾಂಸದ ಚೂರು ಹಾಕೋದು ಅಲ್ಲಿ ಮಾಮೂಲು. ಕೇಳಿ ತಗೊಳ್ಳಿ. ನಾವು ತೊಸ್ತೋನೆಸ್ ತಿಂದೆವು: ಬಾಳೆಕಾಯಿ ಬಿಲ್ಲೆಗಳನ್ನು ಒಮ್ಮೆ ಕರಿದು, ತಟ್ಟಿ, ಮತ್ತೆ ಕರಿಯುತ್ತಾರೆ. ಅತ್ತೆ ಒಂದು ತಿಂದು, "ಉಪ್ಪು ಖಾರ ಹಾಕಿದ್ರೆ ನಮ್ಮದೇ" ಅಂದರು.

ಈಗ ಟೈಮಿನ ವಿಷಯ. ಫೆಬ್ರವರಿಯಲ್ಲಿ ಈ ದ್ವೀಪಗಳು ಮಯಾಮಿಗಿಂತ ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರ ಮುಂದಿಡೋದರಿಂದ ಎರಡೂ ಒಂದೇ ಆಗುತ್ತೆ. ಚಳಿಗಾಲದಲ್ಲಿ ಕೆಲವು ಹಡಗುಗಳು ಗಡಿಯಾರ ಬದಲಾಯಿಸುತ್ತವೆ, ಕೆಲವು ಮಯಾಮಿ ಟೈಮನ್ನೇ ಇಟ್ಟುಕೊಳ್ಳುತ್ತವೆ. ಬಂದರಿನಲ್ಲಿ ಲೆಕ್ಕಕ್ಕೆ ಬರೋದು ಹಡಗಿನ ಟೈಮು ಮಾತ್ರ. ನಮ್ಮ ಹಡಗಿನಲ್ಲಿ ಸ್ಯಾನ್ ಹುವಾನ್ ಮುಟ್ಟೋ ಹಿಂದಿನ ರಾತ್ರಿ ಒಂದು ಗಂಟೆ ಮುಂದೆ ಇಟ್ಟರು. ಮೈಕಿನಲ್ಲಿ ಹೇಳಿದರು, ರೂಮಿಗೆ ಬಂದ ಚೀಟಿಯಲ್ಲೂ ಬರೆದಿದ್ದರು. ನಾನು ಫೋನುಗಳನ್ನು ಸರಿ ಮಾಡಿದೆ. ಮಾವನವರ ಕೈಯಲ್ಲಿರೋ ಎಚ್‌ಎಂಟಿ ನನಗೆ ನೆನಪೇ ಆಗಲಿಲ್ಲ.

ಅದು ಕೀಲಿ ಕೊಡೋ ವಾಚು. ದಿನಾ ಬೆಳಗ್ಗೆ ವಿಭೂತಿ ಇಟ್ಟುಕೊಂಡ ಮೇಲೆ ಅದಕ್ಕೆ ಕೀಲಿ ಕೊಡೋದು ಅವರ ನಲವತ್ತು ವರ್ಷದ ರೂಢಿ. ಷಾರ್ಲೆಟ್‌ಗೆ ಬಂದ ದಿನ ನನ್ನ ಗಂಡನೇ ಮುಳ್ಳು ತಿರುಗಿಸಿ ಕೊಟ್ಟಿದ್ದರು. ಷಾರ್ಲೆಟ್, ಮಯಾಮಿ ಎರಡಕ್ಕೂ ಒಂದೇ ಟೈಮು. ಆಮೇಲೆ ಮುಳ್ಳನ್ನು ಯಾರೂ ಮುಟ್ಟಿರಲಿಲ್ಲ.

ಮಾರನೇ ದಿನ ಸೇಂಟ್ ಥಾಮಸ್. ಡೆನ್ಮಾರ್ಕಿನಿಂದ ಅಮೆರಿಕ 1917ರಲ್ಲಿ ಎರಡೂವರೆ ಕೋಟಿ ಡಾಲರ್ ಚಿನ್ನ ಕೊಟ್ಟು ಕೊಂಡ ದ್ವೀಪಗಳಲ್ಲಿ ಇದೂ ಒಂದು. ಅಮೆರಿಕದ ನೆಲವಾದರೂ ಇಲ್ಲಿ ನಮ್ಮೂರಿನ ಹಾಗೆ ರಸ್ತೆಯ ಎಡಕ್ಕೇ ಗಾಡಿ ಓಡಿಸುತ್ತಾರೆ. ಸ್ಟೀರಿಂಗ್ ಕೂಡ ಎಡಕ್ಕೇ ಇರೋದರಿಂದ ಗುಡ್ಡದ ತಿರುವುಗಳಲ್ಲಿ ಅತ್ತೆ ಶಿವ ಶಿವಾ ಅಂತಲೇ ಕೂತಿದ್ದರು. ನಾವು ಹತ್ತಿದ್ದು ಸಫಾರಿ ಟ್ಯಾಕ್ಸಿ. ಟ್ರಕ್ಕಿನ ಹಿಂದೆ ಬೆಂಚು ಜೋಡಿಸಿ, ಮೇಲೊಂದು ಚಾವಣಿ ಹಾಕಿರುತ್ತಾರೆ. ದರ ಸರ್ಕಾರದ್ದೇ, ತಲೆಗೆ ಇಷ್ಟು ಅಂತ. ಚೌಕಾಸಿ ಇಲ್ಲ. ಆದರೆ ಸೀಟು ತುಂಬದೆ ಹೊರಡೋದಿಲ್ಲ. ಬೀಚಿಗೆ ಹೋಗುವಾಗ ಇದೇನೂ ತೊಂದರೆ ಅನ್ನಿಸಲಿಲ್ಲ.

ಸನ್‌ಸ್ಕ್ರೀನ್ ಬಗ್ಗೆಯೂ ಹೇಳಬೇಕು. ಹವಳಕ್ಕೆ ಹಾನಿ ಅಂತ 2020ರಿಂದ ಸೇಂಟ್ ಥಾಮಸ್ ಸೇರಿದ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರೋ ಸನ್‌ಸ್ಕ್ರೀನ್ ನಿಷೇಧ. ಮನೆಯಲ್ಲಿದ್ದ ಬಾಟಲಿ ತಿರುಗಿಸಿ ನೋಡಿದರೆ ಮೂರರಲ್ಲಿ ಎರಡು ಇದ್ದವು. ಜಿಂಕ್ ಆಕ್ಸೈಡ್‌ನದ್ದು ಹೊಸದಾಗಿ ತಂದೆ. ಅದು ನಮ್ಮ ಬಣ್ಣದ ಮೈಮೇಲೆ ಬೆಳ್ಳಗೆ ಹಾಗೇ ಕೂರುತ್ತೆ. "ಎಲ್ಲರೂ ಮೈತುಂಬ ವಿಭೂತಿ ಬಳ್ಕೊಂಡಂಗಿದೀರ" ಅಂತ ಅತ್ತೆ ನಕ್ಕರು.

ಮೇಗನ್ಸ್ ಬೇ ಸುಮಾರು ಒಂದು ಮೈಲಿ ಉದ್ದದ ದಂಡೆ. ಅಲೆ ಹೆಚ್ಚಿಲ್ಲ, ಮಕ್ಕಳಿಗೂ ವಯಸ್ಸಾದವರಿಗೂ ಭಯವಿಲ್ಲ. ಹಿಂದೆ ತೆಂಗಿನ ಸಾಲು. ತಿಪಟೂರಿನವರನ್ನು ತೆಂಗಿನ ಮರದ ಕೆಳಗೆ ಬಿಟ್ಟರೆ ಸಮುದ್ರ ಯಾರಿಗೆ ಬೇಕು! ಮಾವನವರು ಒಂದೊಂದೇ ಮರದ ಸುಳಿ ನೋಡುತ್ತಾ ಹೋದರು. ಒಂದು ಎಳನೀರಿಗೆ ಐದು ಡಾಲರ್ ಅಂತ ಕೇಳಿದ ಮೇಲೆ ಅರ್ಧ ಗಂಟೆ ಮಾತೇ ಆಡಲಿಲ್ಲ. ಮನಸ್ಸಿನಲ್ಲೇ ತೋಟದ ಲೆಕ್ಕ ಹಾಕುತ್ತಿದ್ದರೋ ಏನೋ.

ಗಂಡ ಫೋನಿಗೆ ಉಪ್ಪುನೀರು ತಾಗೀತು ಅಂತ ರೂಮಿನ ಲಾಕರಿನಲ್ಲಿಟ್ಟು ಬಂದಿದ್ದರು. ನನ್ನ ಫೋನು ಮಗನ ಕೈಗೆ ಸಿಕ್ಕಿ, ವಿಡಿಯೊ ಮಾಡಿ ಮಾಡಿ ಚಾರ್ಜ್ ಮುಗಿದಿತ್ತು. ನೀರಿನಿಂದಲೇ ಕೂಗಿ ಕೇಳಿದೆ, "ಮಾವ, ಟೈಮೆಷ್ಟು?"

"ಇನ್ನೂ ಎರಡೂಕಾಲು ಕಣಮ್ಮ. ಆಡ್ಲಿ ಬಿಡು ಮಗು."

ಮೂರಕ್ಕೆ ಹೊರಟರೆ ಸಾಕಲ್ವಾ ಅಂತ ಮತ್ತೆ ಮುಳುಗಿದೆ. ಸ್ವಲ್ಪ ಹೊತ್ತಾದ ಮೇಲೆ ಮೇಲೆ ಬಂದು ಕೂತಾಗ ಏನೋ ಸರಿಯಿಲ್ಲ ಅನ್ನಿಸಿತು. ಬೆಳಗ್ಗೆ ದಂಡೆ ತುಂಬ ನಮ್ಮ ಹಡಗಿನ ನೀಲಿ ಪಟ್ಟೆ ಟವೆಲ್ಲುಗಳೇ ಇದ್ದವು. ಈಗ ಎಣಿಸಿದರೆ ಐದು. ಐದೂ ನಮ್ಮವೇ. ಪಕ್ಕದಲ್ಲಿ ಐಸ್‌ಬಾಕ್ಸ್ ಮುಚ್ಚುತ್ತಿದ್ದ ಒಬ್ಬ ಹೆಂಗಸನ್ನು ಟೈಮ್ ಕೇಳಿದೆ. ಮೂರೂವರೆ ಅಂದಳು. ನನ್ನ ಹೊಟ್ಟೆ ತಣ್ಣಗಾಯಿತು.

ಟ್ಯಾಕ್ಸಿ ನಿಲ್ಲೋ ಕಡೆ ಓಡಿ ಬಂದರೆ ಗಾಡಿ ಇದೆ, ಜನ ಇಲ್ಲ. ಇನ್ನೂ ಎಂಟು ಸೀಟು ತುಂಬಬೇಕು ಅಂದ ಡ್ರೈವರ್. ಗಂಡ ಖಾಲಿ ಸೀಟುಗಳ ದುಡ್ಡನ್ನೂ ನಾವೇ ಕೊಡುತ್ತೇವೆ ಅಂದರು. ಆಗ ಹೊರಟ. ಗುಡ್ಡ ಇಳಿಯೋ ತನಕ ಜೋರಾಗೇ ಬಂದೆವು, ಊರಿನೊಳಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಗಾಡಿಗಳ ಸಾಲು. ಅಲ್ಲಿಂದ ಹಡಗು ಕಾಣುತ್ತೆ, ಹತ್ತಿರವೇ ಇದೆ, ಆದರೆ ನಾವು ಮಾತ್ರ ಮುಂದೆ ಹೋಗುತ್ತಿಲ್ಲ. ನಾಲ್ಕು ಇಪ್ಪತ್ತಕ್ಕೆ ಗೇಟಿನ ಹತ್ತಿರ ಇಳಿದೆವು. ಮಂಡಿ ನೋವಿನ ಮಾವನವರು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದರು. ನಾವು ಒಳಗೆ ಹೋದಾಗ ಇನ್ನೂ ನಾಲ್ಕೈದು ನಿಮಿಷ ಇತ್ತು. ನಾನು ಸುಮ್ನೆ ಇರಲಿ ಅಂತ ಬಿಟ್ಟಿದ್ದ ಒಂದು ಗಂಟೆಯನ್ನು ಆ ವಾಚು ಪೂರ್ತಿ ತಿಂದಿತ್ತು. ಅದೂ ಬಿಟ್ಟಿರದಿದ್ದರೆ ಹಡಗನ್ನು ದಂಡೆಯಿಂದಲೇ ನೋಡಬೇಕಿತ್ತು.

ಅವತ್ತು ರಾತ್ರಿ ದಿನಚರಿ ಚೀಟಿಯಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಪ್ರತಿ ಬಂದರಿನಲ್ಲೂ ಹಡಗಿನ ಪರವಾಗಿ ಒಬ್ಬ ಏಜೆಂಟ್ ಇರುತ್ತಾರೆ, ಅವರ ಫೋನ್ ನಂಬರು ಅದರಲ್ಲೇ ಅಚ್ಚಾಗಿರುತ್ತೆ. ಅದರ ಫೋಟೊ ತೆಗೆದೆ, ಚಾರ್ಜ್ ಇಲ್ಲದ ಫೋನಿನ ನೆನಪಾಗಿ ಕಾಗದದ ಮೇಲೂ ಬರೆದು ಅತ್ತೆಯ ಪರ್ಸಿಗೆ ಹಾಕಿದೆ. ಪಾಸ್‌ಪೋರ್ಟುಗಳು ಮೊದಲಿಂದಲೂ ನನ್ನ ಬ್ಯಾಗಿನಲ್ಲೇ, ಎರಡು ಪ್ಲಾಸ್ಟಿಕ್ ಕವರಿನೊಳಗೆ. ಹಡಗು ತಪ್ಪಿದರೆ ವಿಮಾನ ಹತ್ತೋಕೆ ಅವು ಬೇಕೇ ಬೇಕು.

ಮೂರನೇ ಬಂದರು ಸೇಂಟ್ ಮಾರ್ಟನ್. 87 ಚದರ ಕಿಲೋಮೀಟರಿನ ದ್ವೀಪ, ಅದರಲ್ಲೂ ಎರಡು ಆಡಳಿತ. 1648ರ ಒಪ್ಪಂದದಿಂದ ಉತ್ತರ ಫ್ರೆಂಚರಿಗೆ, ದಕ್ಷಿಣ ಡಚ್ಚರಿಗೆ. ಗಡಿಯಲ್ಲಿ ಒಂದು ಬೋರ್ಡು, ಕಂಬ ಬಿಟ್ಟರೆ ಏನಿಲ್ಲ. ಅವತ್ತು ನಮ್ಮದೂ ಸೇರಿ ನಾಲ್ಕು ಹಡಗು ನಿಂತಿದ್ದವು. ಯಾವ ದಿನ ಎಷ್ಟು ಹಡಗು ಬರುತ್ತವೆ ಅಂತ ಮೊದಲೇ ಪಟ್ಟಿ ಸಿಗುತ್ತೆ, ನೋಡಿಟ್ಟುಕೊಂಡಿದ್ದೆ. ಅದಕ್ಕೇ ಬೆಳಗ್ಗೆ ಎಂಟೂವರೆಯ ಟೂರ್ ಹಿಡಿದೆ. ರಶ್ ತಪ್ಪಿತು.

ಆದರೆ ಇಲ್ಲಿ ನಾನು ಎಡವಿದ್ದು ಬೇರೆ ಕಡೆ. ಬಸ್ಸು ಮಾಹೋ ಬೀಚಿಗೆ ಮುಟ್ಟಿದ್ದು ಹತ್ತೂವರೆಗೆ, ಅಲ್ಲಿ ನಿಂತಿದ್ದು ನಲವತ್ತು ನಿಮಿಷ. ಬಂದಿದ್ದು ಒಂದೇ ಒಂದು ಪುಟ್ಟ ವಿಮಾನ, ಅದೂ ಫ್ಯಾನಿನದ್ದು. ದೊಡ್ಡ ಜೆಟ್ಟುಗಳು ಹೆಚ್ಚಾಗಿ ಬರೋದು ಮಧ್ಯಾಹ್ನದ ಮೇಲೆ. ಹಡಗಿನ ಟೈಮು ನೋಡಿದೆ, ಬಂದರಿನ ರಶ್ ನೋಡಿದೆ, ವಿಮಾನ ಇಳಿಯೋ ಟೈಮು ಮಾತ್ರ ನೋಡಲಿಲ್ಲ. ಹಡಗಿನ ಟೂರಿನಲ್ಲಿ ಸಿಗೋದು ಬಿಟ್ಟು ಹೋಗೋದಿಲ್ಲ ಅನ್ನೋ ಧೈರ್ಯ. ನಮಗೆ ಬೇಕಾದಷ್ಟು ಹೊತ್ತು ನಿಲ್ಲೋ ಸ್ವಾತಂತ್ರ್ಯ ಇಲ್ಲ. ಮಗ ವಾಪಸ್ ಬಸ್ಸಿನಲ್ಲಿ ನನ್ನ ಜೊತೆ ಮಾತು ಬಿಟ್ಟ. ಅಂದಹಾಗೆ ಅಲ್ಲಿಗೆ ಹೋದರೆ ರನ್‌ವೇ ಬೇಲಿ ಹಿಡಿದು ನಿಲ್ಲೋ ಜನರ ಜೊತೆ ಸೇರಬೇಡಿ. ವಿಮಾನ ಏರುವಾಗಿನ ಗಾಳಿಯ ಹೊಡೆತಕ್ಕೆ ಬಿದ್ದು 2017ರಲ್ಲಿ ಒಬ್ಬ ಮಹಿಳೆ ಸತ್ತಿದ್ದಾರೆ.

ಅತ್ತೆ ಮಾವ ಟೂರಿಗೆ ಬರಲಿಲ್ಲ. ಹತ್ತು ಗಂಟೆಯ ತನಕ ಹಡಗಿನಲ್ಲೇ ತಿಂಡಿ ತಿಂದು, ಆಮೇಲೆ ದಕ್ಕೆಯಿಂದ ದೋಣಿ ಹತ್ತಿ ಫಿಲಿಪ್ಸ್‌ಬರ್ಗಿಗೆ ಬಂದಿದ್ದರು. ನಾವು ಹೋಗಿ ಸೇರಿಕೊಂಡಾಗ ಅತ್ತೆ ಫ್ರಂಟ್ ಸ್ಟ್ರೀಟಿನ ಒಂದು ಒಡವೆ ಅಂಗಡಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ಚಹಾ ಕಪ್ಪು. ಈ ದ್ವೀಪಗಳ ಒಡವೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಂಧಿಗಳು ಬಹಳ. ಅತ್ತೆಯ ಹಿಂದಿ ತಿಪಟೂರು ಹಿಂದಿ. ಅದರಲ್ಲೇ ಚೌಕಾಸಿ ಮಾಡಿ, ಏನೂ ಕೊಳ್ಳದೆ, ಚಹಾ ಮಾತ್ರ ಕುಡಿದು ಎದ್ದರು. ಅಂಗಡಿಯವರೇ ಹೇಳಿದ ಕಡೆ ಹೋಗಿ ದಾಲ್‌ಪುರಿ ರೊಟ್ಟಿ ತಿಂದೆವು. ಒಳಗೆ ಬೇಳೆ ಹೂರಣ, ಮೇಲೆ ಆಲೂಗಡ್ಡೆ ಪಲ್ಯ. ಬೆಲ್ಲ ಮರೆತ ಹೋಳಿಗೆ ಅನ್ನಿ.

ಆವತ್ತು ಎರಡೂವರೆಗೇ ಹಡಗಿನಲ್ಲಿದ್ದೆವು. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ವಾಚಿನ ಮುಳ್ಳು ತಿರುಗಿಸಿ ಅಂತ ನಾನು ಮಾವನವರಿಗೆ ಎರಡು ಸಲ ಹೇಳಿದೆ. "ಮುಂದಕ್ಕಿಟ್ರೆ ಮತ್ತೆ ಹಿಂದಕ್ಕೆ ತಿರುಗಿಸ್ಬೇಕು. ಹಿಂದಕ್ಕೆ ತಿರುಗಿಸಿದ್ರೆ ಮೆಷೀನು ಹಾಳಾಗುತ್ತೆ" ಅಂದರು, ಒಪ್ಪಲೇ ಇಲ್ಲ. ಮಯಾಮಿ ಮುಟ್ಟೋ ಹಿಂದಿನ ರಾತ್ರಿ ಮೈಕಿನಲ್ಲಿ ಹೇಳಿದರು, ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡಿ ಅಂತ. ಬೆಳಗ್ಗೆ ತಿಂಡಿಗೆ ಕೂತಾಗ ಮಾವನವರು ಏನೂ ಮಾತಾಡದೆ ಕೈ ಚಾಚಿ, ವಾಚನ್ನು ನನ್ನ ಫೋನಿನ ಪಕ್ಕ ಹಿಡಿದರು. ಎರಡರಲ್ಲೂ ಏಳು ಹತ್ತು.