ಖರ್ಚು ರೂಪಾಯಿಯಲ್ಲಾದರೆ ಬಾಂಡೂ ರೂಪಾಯಿಯಲ್ಲೇ: ದುಬೈಯಲ್ಲಿದ್ದು ನಾನು ಹಣ ಹೂಡಿದ ಬಗೆ

ದುಬೈಯಲ್ಲಿ ಎಷ್ಟು ವರ್ಷ ದುಡಿದರೂ ನಮ್ಮಂಥವರಿಗೆ ಸರ್ಕಾರಿ ಪಿಂಚಣಿ ಅಂತ ಏನೂ ಇಲ್ಲ. ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುತ್ತಾರೆ. ಮೊದಲ ಐದು ವರ್ಷಗಳಿಗೆ ತಲಾ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ ತಲಾ 30 ದಿನದ್ದು. ಅದೂ ಬೇಸಿಕ್ ಮೇಲೆ ಮಾತ್ರ. ಬೇಸಿಕ್ ಕಡಿಮೆ ಇಟ್ಟು ಉಳಿದದ್ದನ್ನು ಅಲೋವನ್ಸಿಗೆ ಹಾಕುವ ಕಂಪನಿಗಳೇ ಇಲ್ಲಿ ಜಾಸ್ತಿ. ಆದಾಯ ತೆರಿಗೆ ಇಲ್ಲ ನಿಜ, ಆದರೆ ಮುಪ್ಪಿನ ಏರ್ಪಾಡು ಪೂರ್ತಿ ನಮ್ಮ ತಲೆ ಮೇಲೇ.

ಈ ವಿಷಯ ಬಂದರೆ ಎಲ್ಲರೂ ಕೇಳುವುದು, ಯಾವ ಫಂಡ್ ತಗೊಂಡೆ ಅಂತ. ನಾನು ಶುರು ಮಾಡಿದ್ದು ಬೇರೆ ಕಡೆಯಿಂದ: ದುಡಿಮೆ ನಿಂತ ಮೇಲೆ ನಮ್ಮ ಖರ್ಚು ಯಾವ ದುಡ್ಡಲ್ಲಿ ನಡೆಯುತ್ತೆ? ನಾವಿಬ್ಬರೂ ಬ್ರಹ್ಮಾವರಕ್ಕೆ ವಾಪಸ್ ಹೋಗುವವರು. ಮನೆ ಇದೆ. ಅಕ್ಕಿ, ಮೀನು, ಕರೆಂಟ್ ಬಿಲ್ಲು, ಮಣಿಪಾಲದ ಡಾಕ್ಟರ ಫೀಸು, ಎಲ್ಲ ರೂಪಾಯಿಯಲ್ಲೇ. ಇವತ್ತಿನ ಲೆಕ್ಕದಲ್ಲಿ ತಿಂಗಳಿಗೆ 60 ಸಾವಿರ ಅಂತ ಇಟ್ಟುಕೊಂಡೆವು. ಅಂದರೆ ವರ್ಷಕ್ಕೆ 7.2 ಲಕ್ಷ.

ಇದು ಗೊತ್ತಾದ ಮೇಲೆ ಬಾಂಡಿನ (ಅಂದರೆ ಸರ್ಕಾರಕ್ಕೋ ಕಂಪನಿಗೋ ನಾವು ಬಡ್ಡಿಗೆ ಕೊಡುವ ಸಾಲದ) ಪ್ರಶ್ನೆ ಅರ್ಧ ಬಗೆಹರಿಯಿತು. ಬಾಂಡ್ ಇಟ್ಟುಕೊಳ್ಳುವುದು ಲಾಭ ಹೊಡೆಯಲಿಕ್ಕಲ್ಲ. ಷೇರು ಬಿದ್ದ ವರ್ಷ ಅದನ್ನು ಮಾರದೆ ಮನೆ ನಡೆಸಬೇಕಲ್ಲ, ಅದಕ್ಕೆ. ಹಾಗಿದ್ದರೆ ಖರ್ಚಾಗುವ ಕರೆನ್ಸಿಯಲ್ಲೇ ಬಾಂಡೂ ಇರಬೇಕು. ಜಗತ್ತಿನ ಷೇರಿಗೆ ಅಷ್ಟು ಕಟ್ಟುನಿಟ್ಟು ಬೇಡ.

ಇಲ್ಲೊಂದು ಮಾತು. ಭಾರತದ ಬಾಂಡಿಗೆ ಶೇ. 7, ಡಾಲರ್ ಬಾಂಡಿಗೆ ಶೇ. 4 ಅಂತ ನೋಡಿ ಸುಮಾರು ಜನ ಊರಿಗೆ ದುಡ್ಡು ಕಳಿಸುತ್ತಾರೆ. ಆ ವ್ಯತ್ಯಾಸ ಪುಕ್ಕಟೆ ಅಲ್ಲ. ಇಲ್ಲಿನ ಕರೆನ್ಸಿ ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಗಂಟು ಹಾಕಿಕೊಂಡಿದೆ. 2010ರಲ್ಲಿ ಡಾಲರ್ 45 ರೂಪಾಯಿ ಆಸುಪಾಸಿತ್ತು, ದಿರ್ಹಮಿಗೆ 12. 2024ರ ಕೊನೆಗೆ ಡಾಲರ್ 85, ದಿರ್ಹಮ್ 23. ವರ್ಷಕ್ಕೆ ಸರಾಸರಿ ಶೇ. 4.5ರಷ್ಟು ಡಾಲರ್ ಮೇಲಕ್ಕೆ ಹೋಗಿದೆ. ಹೆಚ್ಚಿನ ಬಡ್ಡಿಯಲ್ಲಿ ಬಂದದ್ದು ಅಲ್ಲೇ ಹೋಯಿತು. ನನ್ನ ಗೆಳೆಯರೊಬ್ಬರ ಮಕ್ಕಳಿಬ್ಬರೂ ಕೆನಡಾದಲ್ಲಿದ್ದಾರೆ, ಅವರೂ ಕೊನೆಗೆ ಅಲ್ಲಿಗೇ ಹೋಗುವವರು. ಅವರಿಗೆ ರೂಪಾಯಿ ಬಾಂಡ್ ಬೇಡ ಅಂತಲೇ ಹೇಳಿದೆ. ನನಗೆ ಮಾತ್ರ ಅದೇ ಸರಿ. ಡಾಲರ್ ಏರಿದರೂ ಇಳಿದರೂ ಬ್ರಹ್ಮಾವರದ ಖರ್ಚಿಗೆ ಕೈಯಲ್ಲಿ ರೂಪಾಯಿ ಇರುತ್ತದೆ.

ಎಂಟು ವರ್ಷದ ಖರ್ಚು, ಅಂದರೆ 57 ಲಕ್ಷ ಚಿಲ್ಲರೆ, ಬಾಂಡ್ ಮತ್ತು ಎಫ್‌ಡಿಯಲ್ಲಿ ಅಂತ ತೀರ್ಮಾನ ಮಾಡಿದೆ. ಹತ್ತಿರದ ವರ್ಷಗಳದ್ದು ಅನಿವಾಸಿಗಳು ಹೊರದೇಶದ ದುಡಿಮೆಯನ್ನು ಭಾರತದ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಎಫ್‌ಡಿ. ಅನಿವಾಸಿ ಆಗಿರುವ ತನಕ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಒಂದು ವರ್ಷ ತುಂಬುವ ಮೊದಲೇ ಮುರಿಸಿದರೆ ಬಡ್ಡಿಯೇ ಇಲ್ಲ, ಅದು ನೆನಪಿರಲಿ. ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ ಮಾತ್ರ. ಹಾಗಾಗಿ ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಲಿಲ್ಲ, ಚಿಕ್ಕ ಬ್ಯಾಂಕುಗಳು ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅಂದರೂ ಹೋಗಲಿಲ್ಲ.

ದೂರದ ವರ್ಷಗಳಿಗೆ ಸರ್ಕಾರಿ ಬಾಂಡ್. ಸಾಮಾನ್ಯರೂ ಸರ್ಕಾರಿ ಬಾಂಡನ್ನು ನೇರವಾಗಿ ಕೊಳ್ಳಬಹುದಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ವ್ಯವಸ್ಥೆ 2021ರ ನವೆಂಬರಿನಲ್ಲಿ ಶುರುವಾಯಿತು, ಅನಿವಾಸಿಗಳೂ ಖಾತೆ ತೆರೆಯಬಹುದು. ಬಾಂಡ್ ಹರಾಜಿನಲ್ಲಿ ಹತ್ತು ಸಾವಿರದಿಂದ ಬಿಡ್ ಹಾಕಬಹುದು. ಹರಾಜು ಸಾಮಾನ್ಯವಾಗಿ ಶುಕ್ರವಾರ. ನಾವು ಬೆಲೆ ಹೇಳುವ ಹಾಗಿಲ್ಲ, ಎಷ್ಟು ಬೇಕು ಅಂತ ಮಾತ್ರ ಹೇಳುವುದು. ದೊಡ್ಡವರ ಬಿಡ್‌ಗಳಿಂದ ಬಂದ ಸರಾಸರಿ ಬೆಲೆಗೆ ನಮಗೆ ಸಿಗುತ್ತದೆ. ಉದಾಹರಣೆಗೆ 2037ರಲ್ಲಿ ಮುಗಿಯುವ ಶೇ. 7.18ರ ಬಾಂಡ್ ನೋಡಿ. 10 ಲಕ್ಷದ ಮುಖಬೆಲೆಗೆ ಆರು ತಿಂಗಳಿಗೊಮ್ಮೆ 35,900 ರೂಪಾಯಿ ಬರುತ್ತದೆ. ಕೊನೆಗೆ ಅಸಲು. ಮಧ್ಯೆ ಬಡ್ಡಿ ದರ ಏರಿದರೆ ಬಾಂಡಿನ ಬೆಲೆ ಇಳಿದಂತೆ ಕಾಣುತ್ತದೆ, ಮಾರದಿದ್ದರೆ ಅದು ಬರೀ ಕಾಗದದ ಮೇಲಿನ ಲೆಕ್ಕ. 30 ವರ್ಷದ ಬಾಂಡ್ ಮುಟ್ಟಲೇ ಇಲ್ಲ. ದರ ಒಂದು ಪರ್ಸೆಂಟ್ ಏರಿದರೆ ಅದರ ಬೆಲೆ ಶೇ. 10ಕ್ಕಿಂತ ಜಾಸ್ತಿ ಬೀಳುತ್ತದೆ. ಅಷ್ಟು ವರ್ಷ ಕಾಯುವ ವಯಸ್ಸೂ ನನ್ನದಲ್ಲ!

ಸರ್ಕಾರಿ ಬಾಂಡಿನ ಬಡ್ಡಿಗೆ ತೆರಿಗೆ ಉಂಟು. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕದ ಆದಾಯಕ್ಕೆ ತೆರಿಗೆ ಇಲ್ಲ, ಅನಿವಾಸಿಗೂ ಇದು ಅನ್ವಯಿಸುತ್ತದೆ. ಕಡಿಮೆ ಆದಾಯದ ನಿವಾಸಿಗಳಿಗೆ ಸಿಗುವ ತೆರಿಗೆ ರಿಯಾಯಿತಿ (87ಎ ಅಂತ ಕರೆಯುವುದು) ಮಾತ್ರ ನಮಗಿಲ್ಲ. ಹಾಗಾಗಿ ತೆರಿಗೆ ಬೀಳುವ ಬಡ್ಡಿ 4 ಲಕ್ಷದೊಳಗೇ ಇರುವಂತೆ ನೋಡಿಕೊಂಡೆ.

ಷೇರಿನ ಪಾಲಿಗೆ ಇಂಡೆಕ್ಸ್ ಫಂಡ್, ಅಂದರೆ ಒಂದು ಪಟ್ಟಿಯಲ್ಲಿರುವ ಕಂಪನಿಗಳ ಷೇರುಗಳನ್ನೆಲ್ಲ ಹಾಗೇ ಕೊಳ್ಳುವ ಫಂಡ್. ಅದರ ವಿಷಯ ಇಷ್ಟು ಉದ್ದ ಇಲ್ಲ. ಭಾರತದ್ದಕ್ಕೆ ದೇಶದ 50 ದೊಡ್ಡ ಕಂಪನಿಗಳ ಒಂದು ನಿಫ್ಟಿ 50 ಫಂಡ್, ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್. ಜಗತ್ತಿನದ್ದಕ್ಕೆ ಲಂಡನ್ ಷೇರುಪೇಟೆಯಲ್ಲಿ ಸಿಗುವ ವ್ಯಾನ್‌ಗಾರ್ಡ್ ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಇಟಿಎಫ್ (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್). ಸಾವಿರಾರು ಕಂಪನಿಗಳು ಒಂದರೊಳಗೇ ಇವೆ, ಭಾರತದ ಪಾಲು ಅದರಲ್ಲಿ ತೀರಾ ಕಡಿಮೆ, ಅಮೆರಿಕದ್ದು ಅರ್ಧಕ್ಕಿಂತ ಹೆಚ್ಚು.

ನ್ಯೂಯಾರ್ಕಿನಲ್ಲಿ ಇನ್ನೂ ಅಗ್ಗದ ಇಟಿಎಫ್ ಇದ್ದಾಗ ಲಂಡನ್ ಯಾಕೆ? ಅಮೆರಿಕದವರಲ್ಲದ, ಅಲ್ಲಿ ನೆಲೆಸದ ವ್ಯಕ್ತಿ ತೀರಿಕೊಂಡರೆ ಅಮೆರಿಕದಲ್ಲಿರುವ ಆಸ್ತಿಯಲ್ಲಿ 60 ಸಾವಿರ ಡಾಲರ್ ಮೀರಿದ ಭಾಗಕ್ಕೆ ಶೇ. 40ರ ತನಕ ಎಸ್ಟೇಟ್ ತೆರಿಗೆ ಬೀಳುತ್ತದೆ. ಅಲ್ಲಿನ ಇಟಿಎಫ್ ಕೂಡ ಅದರ ಲೆಕ್ಕಕ್ಕೆ ಬರುತ್ತದೆ. ನಾನು ಕೊಂಡ ಫಂಡ್ ಐರ್ಲೆಂಡಿನಲ್ಲಿ ನೋಂದಣಿಯಾದದ್ದು, ಈ ತೆರಿಗೆ ಅದಕ್ಕಿಲ್ಲ. ಅಮೆರಿಕದ ಕಂಪನಿಗಳ ಡಿವಿಡೆಂಡಿನಲ್ಲೂ ಶೇ. 30ರ ಬದಲು 15 ಮಾತ್ರ ಕಡಿತ.

ಇದನ್ನೆಲ್ಲ ಹೆಂಡತಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ಅದಿರ್ಲಿ ರೀ, ನಿಮಗೇನಾದ್ರೂ ಆದ್ರೆ ಆ ಲಂಡನ್ ದುಡ್ಡಿಗೆ ನಾನು ಯಾರ ಹತ್ರ ಹೋಗ್ಬೇಕು?" ಬ್ರೋಕರ್ ಖಾತೆಯನ್ನು ಜಂಟಿ ಮಾಡಿದೆ. ಯಾವುದು ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಅವಳ ಒಡವೆ ಡಬ್ಬಿಯಲ್ಲೇ ಇಟ್ಟೆ. ಮೂರನೇ ಫಂಡ್ ಕೊಳ್ಳದಿರಲು ಅವಳ ಆ ಪ್ರಶ್ನೆಯೇ ಕಾರಣ.

ನಡುವೆ ಒಬ್ಬ ಏಜೆಂಟ್ 25 ವರ್ಷದ ಉಳಿತಾಯ ಪ್ಲಾನ್ ಹಿಡಿದು ಬಂದಿದ್ದ. ಐದನೇ ವರ್ಷ ಬಿಟ್ಟರೆ ಕೈಗೆಷ್ಟು ಬರುತ್ತೆ, ಬರೆದು ಕೊಡಪ್ಪಾ ಅಂದೆ. ಆಮೇಲೆ ಅವನ ಫೋನ್ ಬರಲಿಲ್ಲ.

ಇನ್ನು ಉಳಿದದ್ದು ವಾಪಸ್ ಹೋಗುವಾಗಿನ ಕೆಲಸ. ಬಹಳ ವರ್ಷ ಹೊರಗಿದ್ದವರು ಊರಿಗೆ ಬಂದ ಮೊದಲ ಎರಡು, ಕೆಲವೊಮ್ಮೆ ಮೂರು ವರ್ಷ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ) ಅನ್ನಿಸಿಕೊಳ್ಳುತ್ತಾರೆ. ಆ ಅವಧಿಯಲ್ಲಿ ಹೊರದೇಶದಲ್ಲಿ ಬಂದು ಅಲ್ಲೇ ಉಳಿದ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಇ ಎಫ್‌ಡಿಗೂ ಈ ರಿಯಾಯಿತಿ ಇದೆ ಅಂದುಕೊಂಡವರು ಬಹಳ. ಅದು ಹಾಗಲ್ಲ, ಕಾಯಂ ಆಗಿ ಬಂದ ದಿನದಿಂದಲೇ ಅದರ ಬಡ್ಡಿಗೆ ತೆರಿಗೆ, ಖಾತೆಯನ್ನೂ ನಿವಾಸಿ ಖಾತೆ ಮಾಡಿಸಬೇಕು. ಹಾಗಾಗಿ ಎಫ್‌ಡಿಗಳು ನಾವು ಹೊರಡುವ ಹೊತ್ತಿಗೇ ಒಂದೊಂದಾಗಿ ಮುಗಿಯುವಂತೆ ತಾರೀಕು ಹಾಕಿಸಿದ್ದೇನೆ. ಲಂಡನ್ ಇಟಿಎಫನ್ನು ಹೊರಡುವ ಮೊದಲು ಮಾರಿ ಕೂಡಲೇ ಅದನ್ನೇ ಕೊಳ್ಳುವುದು. ಇಲ್ಲಿ ಆ ಲಾಭಕ್ಕೆ ತೆರಿಗೆ ಇಲ್ಲ, ಮುಂದೆ ಭಾರತದಲ್ಲಿ ಮಾರುವಾಗ ಕೊಂಡ ಬೆಲೆ ಹೊಸದೇ ಆಗಿರುತ್ತದೆ. ಆರ್‌ಎನ್‌ಒಆರ್ ಮುಗಿದ ಮೇಲೆ ಪ್ರತಿ ವರ್ಷ ತೆರಿಗೆ ರಿಟರ್ನಿನಲ್ಲಿ ಹೊರದೇಶದ ಆಸ್ತಿ ಬರೆಯುವ ಷೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಬೇಕು. ಆ ಕೆಲಸಕ್ಕೆ ಉಡುಪಿಯಲ್ಲಿ ಒಬ್ಬ ಸಿಎಯನ್ನು ಈಗಲೇ ಗೊತ್ತು ಮಾಡಿಟ್ಟಿದ್ದೇನೆ.