ಮೀಟರಿನ ಮಳೆಯನ್ನು ಸೆಂಟಿಗೆ ಇಳಿಸಿಕೊಂಡದ್ದು

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲೇ ಹೇಳುತ್ತೇವೆ. ಇಂಚಿಗೆ ನೂರು ಸೆಂಟು. ನಾಲ್ಕು ಸೆಂಟು ಸೇರಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ರೊಬಸ್ಟಾ ತಳಿಯ ಕಾಫಿ ಗಿಡಕ್ಕೆ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಒಂದು ಇಂಚಾದರೂ ಬೀಳಬೇಕು, ಇಲ್ಲವಾದರೆ ಸ್ಪ್ರಿಂಕ್ಲರ್ ಹಾಕಬೇಕು. ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಅಷ್ಟು ನೀರೆತ್ತಲು ಡೀಸೆಲ್ ಸುಡುವ ಮೊದಲು ಮುನ್ಸೂಚನೆ ನೋಡೋಣವೆಂದು, ಮೊಬೈಲಿನ ಮೋಡದ ಚಿತ್ರಗಳನ್ನು ಬಿಟ್ಟು ನೇರವಾಗಿ ಹವಾಮಾನ ಮಾದರಿಗಳ, ಅಂದರೆ ಮುನ್ಸೂಚನೆ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳ, ದತ್ತಾಂಶಕ್ಕೇ ಕೈಹಾಕಿದೆ.

ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ (ಇಸಿಎಂಡಬ್ಲ್ಯುಎಫ್) ಮಾದರಿ ಮಳೆಯನ್ನು ಮೀಟರಿನಲ್ಲಿ ಕೊಡುತ್ತದೆ. 0.012 ಎಂದಿದ್ದರೆ 12 ಮಿ.ಮೀ. ಅಮೆರಿಕದ ಮಾದರಿಯಾದ ಜಿಎಫ್‌ಎಸ್‌ನಲ್ಲಿ ಚದರ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದಿರುತ್ತದೆ. ಮಳೆಗೆ ತೂಕವೇ ಎಂದು ಗಾಬರಿಯಾಗಬೇಕಿಲ್ಲ: ಒಂದು ಚದರ ಮೀಟರಿನಲ್ಲಿ ಒಂದು ಮಿ.ಮೀ. ನಿಂತ ನೀರು ಒಂದು ಲೀಟರ್, ತೂಕ ಒಂದು ಕಿಲೋ. ಅಂಕಿಯನ್ನು ಹಾಗೆಯೇ ಮಿ.ಮೀ. ಎಂದು ಓದಿಕೊಳ್ಳುತ್ತೇನೆ. ಅದೇ ಜಿಎಫ್‌ಎಸ್‌ನಲ್ಲಿ ಮಳೆಯ ಬಿರುಸನ್ನು ಸೆಕೆಂಡಿನ ಲೆಕ್ಕದಲ್ಲಿ ಕೊಡುವ ಇನ್ನೊಂದು ಅಂಕಿಯಿದೆ, 0.0005 ಅನ್ನು 3600ರಿಂದ ಗುಣಿಸಿದರೆ ಗಂಟೆಗೆ 1.8 ಮಿ.ಮೀ.

ಇದಿಷ್ಟೂ ಗುಣಾಕಾರ. ನಿಜವಾದ ತೊಡಕು ಅವಧಿಯದು. ಯುರೋಪಿನ ಮಾದರಿಯ ಮೊತ್ತ ಮುನ್ಸೂಚನೆ ಶುರುವಾದ ಕ್ಷಣದಿಂದ ಕೂಡುತ್ತಲೇ ಹೋಗುತ್ತದೆ. 24ನೇ ಗಂಟೆಗೆ 4 ಮಿ.ಮೀ., 48ನೇ ಗಂಟೆಗೆ 29 ಎಂದಿದ್ದರೆ ಎರಡನೆಯ ದಿನದ ಮಳೆ 25. ಮೇಲಾಗಿ ಗಡಿಯಾರ ಅಂತರರಾಷ್ಟ್ರೀಯ ಸಮಯದ್ದು; ಅದರ ಸೊನ್ನೆ ಗಂಟೆ ನಮಗೆ ಬೆಳಗಿನ 5.30. ನಮ್ಮ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಗ್ಗೆ 8.30ರಿಂದ 8.30ಕ್ಕೆ ಅಳೆಯುತ್ತದೆ, ತೋಟದ ಮಳೆಮಾಪಕವನ್ನು ನಾನು ನೋಡುವುದೂ ಆ ಹೊತ್ತಿಗೇ. ಆದ್ದರಿಂದ ಸೊನ್ನೆ ಗಂಟೆಯ ಮುನ್ಸೂಚನೆಯಲ್ಲಿ 27ನೇ ಗಂಟೆಯ ಮೊತ್ತದಿಂದ 3ನೇ ಗಂಟೆಯದನ್ನು ಕಳೆದು, 25.4ರಿಂದ ಭಾಗಿಸುತ್ತೇನೆ. ಬರುವುದು ಇಂಚು.

ಇಷ್ಟಾದರೂ ಆ ಅಂಕಿ ನನ್ನ ತೋಟದ್ದಲ್ಲ. ಮಾದರಿ ನೆಲವನ್ನು ಅಕ್ಷಾಂಶ-ರೇಖಾಂಶದ ಚೌಕಗಳಾಗಿ ಹಂಚಿಕೊಂಡು ಲೆಕ್ಕಹಾಕುತ್ತದೆ; ಕಾಲು ಡಿಗ್ರಿಯ ಚೌಕವೆಂದರೆ ಬದಿಗೆ ಸುಮಾರು 28 ಕಿಲೋಮೀಟರ್. ಅಷ್ಟಗಲದ ಸರಾಸರಿ ಅದು. ಮಾರ್ಚಿನ ಗುಡುಗು ಮಳೆಯೋ ಒಂದು ಗುಡ್ಡ ತೋಯಿಸಿ ಇನ್ನೊಂದನ್ನು ಬಿಟ್ಟು ಹೋಗುವಂಥದ್ದು. ನಲವತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ, ಉಳಿದದ್ದನ್ನು ಕೂಡಲೇ ಸ್ಪ್ರಿಂಕ್ಲರಿನಿಂದ ತುಂಬಬೇಕು. ಹಾಗಾಗಿ ಲೆಕ್ಕದಲ್ಲಿ ಇಂಚು ದಾಟಿದರೂ ಪೈಪುಗಳನ್ನು ಜೋಡಿಸಿಯೇ ಇಡಿಸುತ್ತೇನೆ.