ಷೆಂಗೆನ್ ವೀಸಾ: ಅರ್ಜಿ ಹಾಕುವುದರಿಂದ ಗಡಿ ದಾಟುವವರೆಗೆ

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಿಬರಲು ಮೂರು ವೀಸಾಗಳು ಬೇಕಾಗುವುದಿಲ್ಲ. ತಮ್ಮ ನಡುವಿನ ಗಡಿಗಳಲ್ಲಿ ನಿತ್ಯದ ತಪಾಸಣೆಯನ್ನು ಕೈಬಿಟ್ಟಿರುವ 29 ದೇಶಗಳ ಷೆಂಗೆನ್ ವಲಯಕ್ಕೆ ಒಂದೇ ವೀಸಾ ಸಾಕು. 2025ರ ಜನವರಿಯಿಂದ ಬಲ್ಗೇರಿಯ ಮತ್ತು ರೊಮೇನಿಯ ಕೂಡ ಪೂರ್ಣವಾಗಿ ಈ ವಲಯಕ್ಕೆ ಸೇರಿವೆ. ಆದರೆ ಐರ್ಲೆಂಡ್ ಮತ್ತು ಬ್ರಿಟನ್ ಇದರ ಹೊರಗಿರುವುದರಿಂದ ಲಂಡನ್ನನ್ನೂ ಪ್ರವಾಸಕ್ಕೆ ಸೇರಿಸಿಕೊಳ್ಳುವವರು ಅದಕ್ಕೆ ಪ್ರತ್ಯೇಕ ವೀಸಾ ಪಡೆಯಬೇಕು.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ದೇಶದ ಮೂಲಕ ಅರ್ಜಿ ಹಾಕಬೇಕೆಂಬುದು. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಸಲ್ಲಬೇಕು. ಪ್ಯಾರಿಸ್‌ನಲ್ಲಿ ಇಳಿದು ಅಲ್ಲಿ ಮೂರು ದಿನ, ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ದಿನ, ಇಟಲಿಯಲ್ಲಿ ಐದು ದಿನ ಕಳೆಯುವವರು ಇಟಲಿಗೇ ಅರ್ಜಿ ಹಾಕಬೇಕು. ದಿನಗಳು ಸಮನಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶವನ್ನು ಪರಿಗಣಿಸಲಾಗುತ್ತದೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂಬ ಕಾರಣಕ್ಕೆ ಬೇರೆ ದೇಶದ ಮೂಲಕ ಅರ್ಜಿ ಹಾಕಿ, ಹೋಟೆಲ್ ಬುಕಿಂಗ್‌ಗಳು ಇನ್ನೊಂದು ಕಥೆ ಹೇಳುವಂತೆ ಮಾಡಿಕೊಳ್ಳುವುದು ಜಾಣತನವಲ್ಲ.

ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಊರ್ಜಿತವಾಗಿರಬೇಕು ಮತ್ತು ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು. ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆಯಾದರೂ ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ ಅದನ್ನು 45 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ. ಬೇಸಿಗೆ ರಜೆಯ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೂರು ತಿಂಗಳು ಮುಂಚೆ ಕೆಲಸ ಆರಂಭಿಸುವುದು ಕ್ಷೇಮ. 2024ರ ಜೂನ್‌ನಿಂದ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ ಆಗಿದ್ದು, ಅರ್ಜಿ ಕೇಂದ್ರದ ಸೇವಾ ಶುಲ್ಕ ಇದರ ಮೇಲೆ ಬರುತ್ತದೆ. ಅರ್ಜಿ ತಿರಸ್ಕೃತವಾದರೆ ಈ ಹಣ ಹಿಂದಿರುಗುವುದಿಲ್ಲ.

ದಾಖಲೆಗಳನ್ನು ಒಟ್ಟುಮಾಡುವಾಗ ಎಷ್ಟು ಕಾಗದ ಸೇರಿತೆಂಬುದಕ್ಕಿಂತ ಅವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದು ಮುಖ್ಯ. ಅಧಿಕಾರಿ ಖಚಿತಪಡಿಸಿಕೊಳ್ಳಬೇಕಾದ ಸಂಗತಿಗಳು ಮೂರೇ: ಏಕೆ ಹೋಗುತ್ತಿದ್ದೀರಿ, ಖರ್ಚು ಹೇಗೆ ಭರಿಸುತ್ತೀರಿ, ಹಿಂದಿರುಗಿ ಬರುತ್ತೀರಾ. ಕಚೇರಿಯ ರಜಾ ಮಂಜೂರಾತಿ ಪತ್ರದಲ್ಲಿ ಹತ್ತು ದಿನವಿದ್ದು, ವಿಮಾನದ ಬುಕಿಂಗ್ ಹದಿನಾಲ್ಕು ದಿನ ತೋರಿಸಿದರೆ ಉಳಿದ ಕಾಗದಗಳ ಮೇಲೂ ಅನುಮಾನ ಹುಟ್ಟುತ್ತದೆ. ಆದ್ದರಿಂದ ದಿನವಾರು ಪ್ರವಾಸ ಪಟ್ಟಿಯನ್ನು ಮೊದಲು ಬರೆದು, ಪ್ರತಿ ರಾತ್ರಿಯ ತಂಗುವ ಜಾಗ, ಊರಿನಿಂದ ಊರಿಗೆ ಹೋಗುವ ರೈಲು, ರಜೆಯ ಅವಧಿ, ವಿಮೆಯ ದಿನಾಂಕ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳಿಗೆ ಬರುವ ಆದಾಯ ಕಾಣಬೇಕು; ಅರ್ಜಿಗೆ ನಾಲ್ಕು ದಿನ ಮುಂಚೆ ಯಾರಿಂದಲೋ ತಂದು ಜಮಾ ಮಾಡಿದ ದೊಡ್ಡ ಮೊತ್ತ ಸಹಾಯಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತದೆ. ಮಕ್ಕಳೋ ಸಂಬಂಧಿಕರೋ ಖರ್ಚು ಭರಿಸುವುದಾದರೆ ಅದನ್ನು ಮುಚ್ಚಿಡದೆ ಅವರ ಪತ್ರ ಮತ್ತು ಆದಾಯದ ದಾಖಲೆಯನ್ನು ಲಗತ್ತಿಸುವುದೇ ಸರಿ. ಹೋಟೆಲುಗಳನ್ನು ರದ್ದುಪಡಿಸಬಹುದಾದ ಷರತ್ತಿನಲ್ಲಿ ಕಾಯ್ದಿರಿಸಿ. ನಕಲಿ ಬುಕಿಂಗ್ ತಯಾರಿಸಿಕೊಡುವವರ ಬಳಿಗೆ ಮಾತ್ರ ಹೋಗಬೇಡಿ.

ಪ್ರವಾಸ ವಿಮೆ ಕಡ್ಡಾಯ. ಅದು ಕನಿಷ್ಠ 30,000 ಯೂರೋಗಳಷ್ಟಿರಬೇಕು, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸಬೇಕು ಮತ್ತು ತುರ್ತು ಚಿಕಿತ್ಸೆಯ ಜೊತೆಗೆ ರೋಗಿಯನ್ನು ಸ್ವದೇಶಕ್ಕೆ ಕರೆತರುವ ವೆಚ್ಚವನ್ನೂ ಒಳಗೊಳ್ಳಬೇಕು. ಅರ್ಜಿ ಕೇಂದ್ರದಲ್ಲಿ ಹತ್ತು ಬೆರಳುಗಳ ಗುರುತನ್ನು ಪಡೆಯುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ಇದರಿಂದ ವಿನಾಯಿತಿಯಿದೆ. ಒಮ್ಮೆ ಕೊಟ್ಟ ಗುರುತು ಸಾಮಾನ್ಯವಾಗಿ 59 ತಿಂಗಳು ಬಳಕೆಗೆ ಬರುತ್ತದೆ.

ಪಾಸ್‌ಪೋರ್ಟ್ ಕೈಗೆ ಬಂದೊಡನೆ ವೀಸಾ ಚೀಟಿಯನ್ನು ಸಾವಕಾಶವಾಗಿ ಓದಬೇಕು. ಅದರಲ್ಲಿ ಜೂನ್ 1ರಿಂದ ಜೂನ್ 27ರವರೆಗೆ ಎಂದಿದ್ದು, ವಾಸ್ತವ್ಯದ ಅವಧಿ 12 ದಿನ ಎಂದಿರಬಹುದು. ಆ 27 ದಿನಗಳ ನಡುವೆ ಯಾವುದೇ 12 ದಿನ ಅಲ್ಲಿರಬಹುದೆಂದು ಇದರ ಅರ್ಥವೇ ಹೊರತು, ಕೊನೆಯ ದಿನಾಂಕದವರೆಗೂ ಉಳಿಯಬಹುದೆಂದಲ್ಲ. ಒಳಹೋದ ದಿನ ಮತ್ತು ಹೊರಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಪ್ರವೇಶಗಳ ಸಂಖ್ಯೆಯ ಜಾಗದಲ್ಲಿ 01 ಎಂದಿದ್ದರೆ ನಡುವೆ ಲಂಡನ್ನಿಗೆ ಹೋಗಿ ಮತ್ತೆ ಪ್ಯಾರಿಸ್ಸಿಗೆ ಮರಳುವಂತಿಲ್ಲ.

ಬಹುಪ್ರವೇಶದ ವೀಸಾ ಸಿಕ್ಕವರು ಎಡವುವುದು 90 ದಿನಗಳ ನಿಯಮದಲ್ಲಿ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಮತ್ತು ಈ 180 ದಿನಗಳನ್ನು ಅಲ್ಲಿ ಕಳೆಯುವ ಪ್ರತಿ ದಿನದಿಂದಲೂ ಹಿಂದಕ್ಕೆ ಎಣಿಸಬೇಕು. ಏಪ್ರಿಲ್ 1ರಿಂದ ಮೇ 30ರವರೆಗೆ ಮಗಳ ಮನೆಯಲ್ಲಿದ್ದು ಬಂದವರು 60 ದಿನ ಬಳಸಿದಂತಾಯಿತು. ಆಗಸ್ಟ್ 1ಕ್ಕೆ ಮತ್ತೆ ಹೋದರೆ ಉಳಿದಿರುವುದು 30 ದಿನ. ಆಗಸ್ಟ್ 30ರೊಳಗೆ ಹೊರಡಲೇಬೇಕು. ಏಪ್ರಿಲ್‌ನ ದಿನಗಳು ಎಣಿಕೆಯಿಂದ ಒಂದೊಂದಾಗಿ ಕಳಚಿಕೊಳ್ಳುವುದು ಸೆಪ್ಟೆಂಬರ್ 28ರಿಂದಲೇ.

ಸಾಮಾನು ಕಟ್ಟುವಾಗ ಗಮನಿಸಬೇಕಾದದ್ದು ಕಡಿಮೆ, ಆದರೆ ಮರೆತರೆ ಕಿರಿಕಿರಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲ. ಮನೆಯ ತುಪ್ಪದ ಡಬ್ಬಿಯನ್ನು ಇಲ್ಲಿಯೇ ಬಿಟ್ಟು ಹೋಗುವುದು ಉತ್ತಮ. ಔಷಧಿಗಳನ್ನು ಅವುಗಳ ಮೂಲ ಪ್ಯಾಕಿನಲ್ಲೇ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಡಿ. ನಮ್ಮ ಮೂರು ದಪ್ಪ ಕಡ್ಡಿಗಳ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಸ್ವಿಟ್ಜರ್ಲೆಂಡ್‌ನ ಸಾಕೆಟ್ ನೆರೆಯ ಜರ್ಮನಿಯದಕ್ಕಿಂತ ಭಿನ್ನ, ಅಲ್ಲಿನ ಹಣವೂ ಯೂರೋ ಅಲ್ಲ, ಫ್ರಾಂಕ್. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಹೊರಡುವ ಮುನ್ನವೇ ಸಕ್ರಿಯಗೊಳಿಸಬೇಕು.

ವೀಸಾ ಇದ್ದಮಾತ್ರಕ್ಕೆ ಪ್ರವೇಶ ಖಾತರಿಯಲ್ಲ. ಗಡಿಯ ಅಧಿಕಾರಿ ಹಿಂದಿರುಗುವ ಟಿಕೆಟ್, ತಂಗುವ ಸ್ಥಳ, ವಿಮೆ, ಹಣದ ವ್ಯವಸ್ಥೆ ಇವುಗಳ ಬಗ್ಗೆ ಮತ್ತೆ ಕೇಳಬಹುದು. ಫೋನಿನ ಚಾರ್ಜ್ ಮುಗಿದಿದ್ದರೂ ತೋರಿಸಲು ಬರುವಂತೆ ಇವುಗಳ ಮುದ್ರಿತ ಪ್ರತಿಗಳು ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಲ್ಲ, ಕೈಯಲ್ಲಿರಬೇಕು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಯ ಬದಲು ಮುಖಚಿತ್ರದೊಡನೆ ಪ್ರವೇಶ ಮತ್ತು ನಿರ್ಗಮನಗಳು ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಮೊದಲ ನೋಂದಣಿಗೆ ಸಮಯ ಹಿಡಿಯುವುದರಿಂದ, ಇಳಿದ ನಿಲ್ದಾಣದಲ್ಲೇ ಇನ್ನೊಂದು ವಿಮಾನ ಹಿಡಿಯುವವರು ನಡುವೆ ಮೂರು ಗಂಟೆಯಾದರೂ ಬಿಡುವಿರುವ ಟಿಕೆಟ್ ಕೊಳ್ಳುವುದು ಒಳ್ಳೆಯದು.